ಮೂರನೆಯ ಚೌಕದ ತಾಮ್ರ

ಶಾಲ್ಮಲಿ ನಾಗವೇಕರ್ ನಮ್ಮ ಪ್ರಯೋಗಶಾಲೆಗೆ ಬಂದ ಮೊದಲ ವಾರವೇ ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯಲು ಶುರುಮಾಡಿದಳು. ಅಲ್ಲಿಯವರೆಗೆ ಎಲ್ಲರಿಗೂ ನಾನು ಹೇಮಲತಾಬಾಯಿ. ವೆಸಾವೆಯ ಮೀನುಗಾರರ ಕೋಲಿವಾಡದಲ್ಲಿ ಹುಟ್ಟಿ ಅಲ್ಲೇ ಬೆಳೆದವಳು, ತಾಂಡೇಲ್ ಮನೆಯವಳು. ಮದುವೆಯಾಗಲಿಲ್ಲ. ಅಣ್ಣ ಗಜಾನನನ ಸಂಸಾರದ ಜೊತೆಗೇ ಇದ್ದೆ. ಅಣ್ಣನಿಗೆ ಎರಡು ದೋಣಿ, ನನಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಸಂಶೋಧನಾ ಕೇಂದ್ರದ ಕೆಲಸ.

ನನ್ನ ಕೆಲಸ ತಂತಿ ಬೆಳೆಸುವುದು. ಅಲ್ಯುಮಿನಿಯಂ ತಗಡನ್ನು ಮಂಜಿನಷ್ಟು ತಣ್ಣಗಿನ ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಅದರ ಮೈಮೇಲೆ ಜೇನುಗೂಡಿನಂಥ ರಂಧ್ರಗಳು ತಾವಾಗಿಯೇ ಮೂಡುತ್ತವೆ. ಆ ರಂಧ್ರಗಳಲ್ಲಿ ತಾಮ್ರ ತುಂಬಿ, ಆಮೇಲೆ ಗೂಡನ್ನಷ್ಟೇ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿಬಿಟ್ಟರೆ ತಾಮ್ರದ ತಂತಿಗಳು ನೆಟ್ಟಗೆ ನಿಂತಿರುತ್ತವೆ. ಒಂದು ತಲೆಗೂದಲಿನ ದಪ್ಪಕ್ಕೆ ಸುಮಾರು ಮುನ್ನೂರು ತಂತಿ. ಬರಿಗಣ್ಣಿಗೆ ಅವು ಕಾಣುವುದಿಲ್ಲ, ಉಗುರಿನಗಲದ ಒಂದು ಕಪ್ಪು ಚೌಕ ಕಾಣುತ್ತದೆ ಅಷ್ಟೆ. ತಾಮ್ರವೇ ಆದರೂ ಕಾಡಿಗೆಯಷ್ಟು ಕಪ್ಪು, ಯಾಕೆಂದರೆ ಆ ಸಂದಿಗಳಿಗೆ ಹೊಕ್ಕ ಬೆಳಕು ಹೊರಗೆ ಬರುವುದಿಲ್ಲ. ನುಣುಪಾದ ತಾಮ್ರಕ್ಕೆ ಲೇಸರ್ ಹೊಡೆದರೆ ಬಹುಪಾಲು ಬೆಳಕು ಕನ್ನಡಿಗೆ ಬಿದ್ದಂತೆ ಚಿಮ್ಮಿ ಹೋಗುತ್ತದೆ. ತಂತಿಗಳಿಗೆ ಹೊಡೆದರೆ ಬುಡದವರೆಗೆ ಇಳಿದು, ಅವು ಅಲುಗಾಡುವ ಮೊದಲೇ ಅವನ್ನು ಸೂರ್ಯನ ಒಡಲಿನಷ್ಟು ಬಿಸಿಯಾದ, ದಟ್ಟವಾದ ಪ್ಲಾಸ್ಮಾ ಮಾಡಿಬಿಡುತ್ತದೆ. ಅದು ಉಳಿಯುವುದು ಒಂದು ಕ್ಷಣದ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಅಷ್ಟರೊಳಗೆ ಅದರಿಂದ ಹೊಮ್ಮುವ ಕ್ಷ-ಕಿರಣಗಳನ್ನು ಹಿಡಿಯಬೇಕು. ನಮ್ಮ ಮುಖ್ಯಸ್ಥ ಡಾಕ್ಟರ್ ಬೆಹ್ರಾಮ್ ಸಂಜಾಣಾ ಆರು ವರ್ಷದಿಂದ ಅದರ ಬೆನ್ನು ಹತ್ತಿದ್ದರು. ತಾಮ್ರದ ಪರಮಾಣುವಿನಿಂದ ಹೆಚ್ಚುಕಡಿಮೆ ಎಲ್ಲ ಎಲೆಕ್ಟ್ರಾನುಗಳೂ ಕಿತ್ತುಹೋದಾಗ ಮಾತ್ರ ಬರುವ ಒಂದು ಕಿರಣ ಉಂಟಂತೆ. ಅದೊಂದು ಗೆರೆ ಅವರ ಕಾಗದದ ಮೇಲೆ ಮೂಡಬೇಕಿತ್ತು.

ತಂತಿ ಬೆಳೆಸುವುದಕ್ಕಿಂತ ಒಣಗಿಸುವುದು ಕಷ್ಟ. ಒದ್ದೆ ತಂತಿಗಳು ಸ್ನಾನ ಮಾಡಿ ಬಂದವರ ಕೂದಲಿನ ಹಾಗೆ ಒಂದಕ್ಕೊಂದು ಅಂಟಿ ಜಡೆಗಟ್ಟುತ್ತವೆ. ಜಡೆಗಟ್ಟಿದರೆ ಹದಿನೈದು ದಿನದ ದುಡಿಮೆ ಕಸದ ಬುಟ್ಟಿಗೆ. ಶಾಲ್ಮಲಿ ದಿನಾ ಬೆಳಿಗ್ಗೆ ನನ್ನ ಕೋಣೆಯೊಳಗೆ ತಲೆ ಹಾಕಿ, ನಮ್ಮ ದಂಡೆಯಲ್ಲಿ ಒಣಗಿಸುವ ಬೊಂಬಿಲ್ ಮೀನಿಗೆ ಹೋಲಿಸಿ ಅದನ್ನೇ ಕೇಳುತ್ತಿದ್ದಳು.

"ಮಾವಶಿ, ನಿಮ್ಮ ಬೊಂಬಿಲ್ ಒಣಗಿದ್ವಾ?"

"ಒಣಗಿವೆ. ನಿನ್ನ ಲೇಸರ್ ಎದ್ದಿದೆಯಾ, ಇಲ್ಲಾ ಇನ್ನೂ ಹಲ್ಲುಜ್ತಾ ಕೂತಿದೆಯಾ?"

"ಎದ್ದಿದೆ, ಚಹಾ ಕೇಳ್ತಿದೆ. ನಂಗೂ ಒಂದು ಕಪ್ ಕೊಡಿ."

ಅವಳಿಗೆ ಆಗ ಇಪ್ಪತ್ತಾರು. ಪಿಎಚ್‌ಡಿಯ ನಾಲ್ಕನೆಯ ವರ್ಷ. ಹತ್ತನೆಯ ತರಗತಿಯಲ್ಲಿದ್ದಾಗ ತಾಯಿ ತೀರಿಕೊಂಡಿದ್ದಳು. ತಂದೆ ದತ್ತಾರಾಮ್ ಲೋಕಲ್ ರೈಲಿನ ಮೋಟರ್‌ಮನ್ ಆಗಿ ನಿವೃತ್ತರಾದವರು. ಮನೆ ಕಳವಾದಲ್ಲಿ. ಅಷ್ಟು ದೂರದಿಂದ ಲೋಕಲ್ ಹಿಡಿದು, ಘಾಟ್‌ಕೋಪರಿನಲ್ಲಿ ಇಳಿದು, ಮೆಟ್ರೊ ಹತ್ತಿ ಬರುತ್ತಿದ್ದಳು. ಡಬ್ಬಿಯಲ್ಲಿ ತಂದೆಯೇ ಮಾಡಿಕೊಟ್ಟ ಪೋಹೆ. ನಾನು ಒಣಸಿಗಡಿಯ ಸುಕ್ಕಟ್ ಚಟ್ನಿ, ಅಕ್ಕಿ ಭಾಕರಿ ತಂದರೆ ಡಬ್ಬಿಯನ್ನು ಅದಲುಬದಲು ಮಾಡಿಬಿಡುತ್ತಿದ್ದಳು. "ಬಾಬಾನ ಪೋಹೆ ತಿಂದು ತಿಂದು ನಾನು ಅವಲಕ್ಕಿ ಆಗಿಬಿಟ್ಟಿದ್ದೀನಿ ಮಾವಶಿ, ಸ್ವಲ್ಪ ಸಮುದ್ರ ಕೊಡಿ" ಎನ್ನುತ್ತಿದ್ದಳು. ನನ್ನ ಬದುಕಿನಲ್ಲಿ ಮಗಳು ಎನ್ನುವ ಜಾಗ ಖಾಲಿಯಿತ್ತು. ಅವಳು ಕೇಳದೆಯೇ ಅಲ್ಲಿ ಬಂದು ಕೂತಳು.

ಆ ವರ್ಷದ ನಾರಳಿ ಪೌರ್ಣಿಮೆ ಶುಕ್ರವಾರ ಬಿತ್ತು. ಮಳೆಗಾಲ ಮುಗಿಸಿ, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುವ ದಿನ. ನಮಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ನಾನು ಮಧ್ಯಾಹ್ನಕ್ಕೆ ರಜೆ ಹಾಕಿದ್ದೆ. ಹೋಗುವ ಮುನ್ನ ಮುಂದಿನ ವಾರದ ಪ್ರಯೋಗಕ್ಕೆ ಹಲಗೆ ಸಿದ್ಧ ಮಾಡಿಕೊಡಬೇಕಿತ್ತು. ಹಲಗೆ ಎಂದರೆ ಆರು ಮನೆಗಳಿರುವ ಒಂದು ಉಕ್ಕಿನ ಪಟ್ಟಿ. ಒಂದರಿಂದ ಐದರವರೆಗೆ ನನ್ನ ಕಪ್ಪು ಚೌಕಗಳು, ಆರನೆಯದರಲ್ಲಿ ಹೋಲಿಕೆಗೆಂದು ನುಣುಪಾದ, ಕನ್ನಡಿಯಂತೆ ಉಜ್ಜಿದ ತಾಮ್ರ. ನನ್ನದೊಂದು ಅಭ್ಯಾಸವಿತ್ತು. ಮೊದಲು ರಿಜಿಸ್ಟರಿನಲ್ಲಿ ಬರೆದು, ಬರೆದದ್ದನ್ನು ನೋಡುತ್ತ ಕೂರಿಸುವುದು. ಹಾಗೇ ಬರೆದೆ. ಕೂರಿಸುತ್ತ ಹೋದಾಗ ಮೂರನೆಯ ಚೌಕದ ಅಂಚಿನಲ್ಲಿ ತಂತಿಗಳು ಸಿಪ್ಪೆಯಂತೆ ಎದ್ದುಬಂದವು. ಅದು ಕೆಲಸಕ್ಕೆ ಬರುವಂತಿರಲಿಲ್ಲ, ಬೇರೊಂದು ಸಿದ್ಧವಿರಲಿಲ್ಲ. ಪಟ್ಟಿಯ ನಡುವೆ ಖಾಲಿ ಬಿಟ್ಟರೆ ಹಿಡಿತ ಸಡಿಲಾಗುತ್ತದೆ ಎಂದು ಆರನೆಯ ಮನೆಯ ನುಣುಪು ತಾಮ್ರವನ್ನು ತೆಗೆದು ಮೂರನೆಯದಕ್ಕೆ ಕೂರಿಸಿದೆ.

ರಿಜಿಸ್ಟರ್ ತಿದ್ದಬೇಕೆಂದು ಪೆನ್ನು ಹುಡುಕುತ್ತಿದ್ದಾಗ ಅಣ್ಣನ ಫೋನು ಬಂತು.

"ಹೇಮೇ, ಎಲ್ಲಿ ಸತ್ತಿದ್ದೀಯ? ಮೆರವಣಿಗೆ ಹೊರಟಿದೆ. ಆರತಿ ತಟ್ಟೆ ಎಲ್ಲಿಟ್ಟಿದ್ದೀಯ ಅಂತ ನಿನ್ನ ಅತ್ತಿಗೆ ಮನೆಯೆಲ್ಲಾ ಕೆದಕ್ತಾ ಇದಾಳೆ."

"ದೇವರ ಕಪಾಟಿನ ಮೇಲೆ. ಬಂದೆ ದಾದಾ, ಹತ್ತು ನಿಮಿಷ."

ಹಲಗೆಯನ್ನು ಡಬ್ಬಿಯಲ್ಲಿಟ್ಟು ಲೇಸರ್ ಕೋಣೆಗೆ ಕೊಟ್ಟು ಓಡಿದೆ. ಶಾಲ್ಮಲಿ ನನ್ನ ಹಸಿರು ಸೀರೆ, ಮುಡಿದ ಹೂವು ನೋಡಿ ಸಿಳ್ಳೆ ಹಾಕಿದಳು. "ಇವತ್ತು ಸಮುದ್ರರಾಜ ಎದ್ದು ದಂಡೆಗೇ ಬರ್ತಾನೆ, ನೋಡ್ತಾ ಇರಿ" ಎಂದಳು. ನಾನು ನಗುತ್ತ ಹೊರಟೆ. ಹೇಳಬೇಕಾದ ಮಾತು ಬಾಯಿಯಲ್ಲೇ ಇತ್ತು. ಸೋಮವಾರ ತಾನೆ ಪ್ರಯೋಗ, ಅಷ್ಟರೊಳಗೆ ತಿದ್ದಿದರಾಯಿತು ಎಂದುಕೊಂಡೆ. ಅವಳು ಅದೇ ಮಧ್ಯಾಹ್ನ ಕ್ಯಾಮೆರಾ ಹೊಂದಿಸಲು ಕೂರುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ದಂಡೆಯಲ್ಲಿ ಬ್ಯಾಂಡಿನ ಸದ್ದಿಗೆ ಎಲ್ಲರೂ ಕುಣಿಯುತ್ತಿದ್ದರು. ಫೋನಿನಲ್ಲಿ ಸಂಜಾಣಾ ಸರ್ ಹೇಳಿದ್ದು ಮೊದಲು ಕೇಳಿಸಲೇ ಇಲ್ಲ. ದೋಣಿಯ ಮರೆಗೆ ಹೋಗಿ, ಇನ್ನೊಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡೆ.

"ಹೇಮಲತಾ, ಶಾಲ್ಮಲಿ ಕಣ್ಣಿಗೆ ಲೇಸರ್ ಹೊಡೆದಿದೆ. ಬಲಗಣ್ಣು. ಆಸ್ಪತ್ರೇಲಿದ್ದೀವಿ. ಅವಳ ಅಪ್ಪನಿಗೆ ನಾನು ಏನಂತ ಹೇಳಲಿ?"

ಹಬ್ಬದ ಸೀರೆಯಲ್ಲೇ ಓಡಿದೆ. ಅವಳು ಮಂಚದ ಮೇಲೆ ಕೂತಿದ್ದಳು, ಕಣ್ಣಿಗೆ ಪಟ್ಟಿ. ಅಳುತ್ತಿರಲಿಲ್ಲ. ಯಾರೋ ಬೇರೆಯವರ ಸುದ್ದಿ ಹೇಳುವವಳ ಹಾಗೆ ಹೇಳಿದಳು.

"ಲೆನ್ಸಿನ ಸ್ಕ್ರೂ ಮೇಲಿನ ಗುರುತು ಕಾಣ್ತಿರಲಿಲ್ಲ ಮಾವಶಿ. ಕನ್ನಡಕ ಒಂದೇ ಒಂದು ಕ್ಷಣ ಮೇಲೆತ್ತಿದೆ. ಟಪ್ ಅಂತ ಸದ್ದಾಯ್ತು. ಹೊರಗಲ್ಲ, ತಲೆ ಒಳಗೆ. ಆಮೇಲೆ ಕೆಂಪು ಹೊಗೆ."

ಆ ಸದ್ದು ಕಣ್ಣಿನ ಒಳಪರದೆ ಸಿಡಿದದ್ದು ಎಂದು ವೈದ್ಯರು ಸರ್‌ಗೆ ಹೇಳಿದ್ದರಂತೆ. ಹೊಂದಿಸುವಾಗ ಲೇಸರಿನ ಶಕ್ತಿಯನ್ನು ಸಾವಿರ ಪಟ್ಟು ತಗ್ಗಿಸಿರುತ್ತಾರೆ. ಆದರೂ ಕಣ್ಣಿಗೆ ಅದು ಸಾಕು. ಕೆಂಪಿನಾಚೆಯ ಬೆಳಕು ಅದು, ಬರುವುದು ಕಾಣುವುದೂ ಇಲ್ಲ.

"ಎಷ್ಟನೇ ಚೌಕದ ಮೇಲಿತ್ತು?" ಎಂದು ಕೇಳಿದೆ.

"ಮೂರು. ನಡುವಿನದರಿಂದ ಶುರು ಮಾಡೋಣ ಅಂತ. ಕಪ್ಪು ಚೌಕ ಅಲ್ವಾ, ವಾಪಸ್ ಏನೂ ಬರಲ್ಲ ಅಂತ ಧೈರ್ಯ."

ಆಗಲೇ ನನಗೆ ಗೊತ್ತಾಯಿತು. ಕತ್ತಲು ಕೋಣೆ, ಹಸಿರು ಗಾಜಿನ ಕನ್ನಡಕ, ಯಂತ್ರವೇ ಸರಿಸಿ ನಿಲ್ಲಿಸುವ ಹಲಗೆ. ತನ್ನೆದುರು ಇರುವುದು ಕಪ್ಪೋ ಕನ್ನಡಿಯೋ ಎಂದು ಅವಳು ನೋಡಿರಲಿಲ್ಲ. ರಿಜಿಸ್ಟರ್ ನೋಡಿದ್ದಳು. ನನ್ನ ಕೈಬರಹವನ್ನು ನಂಬಿದ್ದಳು.

ಅಂದು ಅಲ್ಲೇ ಹೇಳಬಹುದಿತ್ತು. ಅವಳ ಮೊಣಕಾಲ ಮೇಲೆ ನನ್ನ ಕೈಯಿತ್ತು. ಬಾಗಿಲ ಬಳಿ ಅವಳ ತಂದೆ ದತ್ತಾರಾಮ್ ಬಂದು ನಿಂತರು. ಎತ್ತರದ, ಸೊರಗಿದ ಮನುಷ್ಯ, ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದರು. ನಾನು ಎದ್ದು ಅವರಿಗೆ ಜಾಗ ಬಿಟ್ಟೆ. ಮಾತು ಹಾಗೇ ಉಳಿಯಿತು.

ಸೋಮವಾರ ಸಂಜಾಣಾ ಸರ್ ನನ್ನನ್ನೇ ಕರೆದು, "ಹಲಗೆ ತೆಗೆದು ಒಣಡಬ್ಬಿಗೆ ಹಾಕಿಬಿಡಿ, ತಾಮ್ರ ಕಪ್ಪಿಟ್ಟೀತು" ಎಂದರು. ತೆಗೆದೆ. ಮೂರನೆಯ ಚೌಕ ನನ್ನ ಮುಖವನ್ನು ನನಗೆ ತೋರಿಸಿತು. ಡಬ್ಬಿ ಮುಚ್ಚಿದೆ. ಗುರುವಾರ ವಿಚಾರಣೆಗೆ ಮೂವರು ಹಿರಿಯರು ಬಂದರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಚೌಕಗಳು ರಿಜಿಸ್ಟರಿನಲ್ಲಿ ಬರೆದ ಹಾಗೇ ಇದ್ದವಾ, ಬಾಯಿ?"

"ಹೌದು ಸರ್."

ಅವರು ತಲೆಯಾಡಿಸಿ ಮುಂದಿನ ಹಾಳೆಗೆ ಹೋದರು. ನನ್ನ ಕೆಲಸ ಹೋಗುತ್ತದೆಂದು ಹೆದರಿದೆನಾ? ಇರಬಹುದು. ಆದರೆ ನಿಜವಾದ ಹೆದರಿಕೆ ಬೇರೆಯದೇ ಇತ್ತು. ಇನ್ನು ಮುಂದೆ ಅವಳು ನನ್ನನ್ನು ಮಾವಶಿ ಎನ್ನುವುದಿಲ್ಲ ಎಂಬ ಹೆದರಿಕೆ. ಅಷ್ಟಕ್ಕಾಗಿ ಸುಳ್ಳು ಹೇಳಿದೆ.

ಲೇಸರ್ ನಡೆಯುತ್ತಿರುವಾಗ ಕನ್ನಡಕ ತೆಗೆದದ್ದು ಸಂಶೋಧಕಿಯ ಸ್ವಂತ ಅಜಾಗರೂಕತೆ ಎಂದು ವರದಿ ಬಂತು. ಶಾಲ್ಮಲಿ ಸಹಿ ಹಾಕಿದಳು.

ಒಳಗಿನ ರಕ್ತ ಇಳಿದ ಮೇಲೆ ನೋಟ ಅಂಚಿನಲ್ಲಷ್ಟೇ ಮರಳಿತು. ನಡುವೆ ಒಂದು ತೂತು ಉಳಿಯಿತು. ಅದು ಮುಚ್ಚುವುದಿಲ್ಲ ಎಂದರು. ಒಂದು ಕಣ್ಣಿನಲ್ಲಿ ದೂರ ಹತ್ತಿರ ತಿಳಿಯದೆ ಚಹಾವನ್ನು ಕಪ್ಪಿನ ಪಕ್ಕಕ್ಕೆ ಸುರಿಯುತ್ತಿದ್ದಳು. ಪ್ಲಾಟ್‌ಫಾರ್ಮಿನ ಅಂಚು ಎಲ್ಲಿದೆಯೆಂದು ಕಾಲಿನಿಂದ ತಡವುತ್ತಿದ್ದಳು. ಸೆಪ್ಟೆಂಬರಿನಲ್ಲಿ ಒಮ್ಮೆ ನನ್ನೆದುರು ಕೂತು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು.

"ಈ ಕಣ್ಣಲ್ಲಿ ನೋಡಿದ್ರೆ ನಿಮ್ಮ ಮುಖವೇ ಇಲ್ಲ ಮಾವಶಿ. ಎರಡು ಕಿವಿ ಇವೆ, ಓಲೆ ಇವೆ. ನಡುವೆ ಯಾರೂ ಇಲ್ಲ."

ಅವಳು ತಮಾಷೆಗೆಂದೇ ಹೇಳಿದ್ದಳು. ನಾನು ಎದ್ದು ಹೊರಗೆ ಹೋಗಿ ಕೊಳಾಯಿ ಬಿಟ್ಟು ನಿಂತೆ.

ಇಷ್ಟೇ ಆಗಿದ್ದರೆ ನಾನು ಸುಮ್ಮನೇ ಇದ್ದುಬಿಡುತ್ತಿದ್ದೆನೋ ಏನೋ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಇರುತ್ತಿದ್ದೆ. ಆದರೆ ಅವಳು ಭೌತಶಾಸ್ತ್ರ ಓದಿದವಳು, ಲೆಕ್ಕ ಹಾಕದೆ ಬಿಡುವವಳಲ್ಲ. ಕಪ್ಪು ಚೌಕದಿಂದ ಎಷ್ಟು ಬೆಳಕು ವಾಪಸ್ಸು ಬರಬಹುದು, ತಗ್ಗಿಸಿದ ಶಕ್ತಿ ಎಷ್ಟು, ಒಳಪರದೆ ಸುಡಲು ಎಷ್ಟು ಬೇಕು. ಹಾಳೆಗಟ್ಟಲೆ ಬರೆದಳು. ಹೇಗೆ ಹಾಕಿದರೂ ಲೆಕ್ಕ ಕೂಡುತ್ತಿರಲಿಲ್ಲ. ಬಂದ ಬೆಳಕು ಹತ್ತಿಪ್ಪತ್ತು ಪಟ್ಟು ಹೆಚ್ಚಿತ್ತು. ಕೊನೆಗೆ ಒಂದು ದಿನ ಸಂಜಾಣಾ ಸರ್ ಕೋಣೆಯಲ್ಲಿ, ನನ್ನೆದುರಿಗೇ, ಹೇಳಿದಳು.

"ಸರ್, ನಾನು ಶಕ್ತಿ ತಗ್ಗಿಸೋ ಫಿಲ್ಟರ್ ಹಾಕಿರಲೇ ಇಲ್ಲ ಅನ್ಸುತ್ತೆ."

"ನೀನು ಹಾಕಿದ್ದೆ, ಡೀಕ್ರಿ." ಮಗಳೇ ಎನ್ನಲು ಅವರು ಡೀಕ್ರಿ ಎನ್ನುತ್ತಿದ್ದರು. "ನೀನು ಕೂಗಿ ಹೇಳಿದ್ದು ನನಗೆ ನೆನಪಿದೆ."

"ನನಗೂ ನೆನಪಿದೆ. ಹಾಗಾದ್ರೆ ನನ್ನ ನೆನಪೇ ಸರಿಯಿಲ್ಲ. ಬೇರೆ ದಾರಿ ಇಲ್ಲ ಸರ್. ಲೆಕ್ಕ ಸುಳ್ಳು ಹೇಳಲ್ಲ, ನಾನು ಹೇಳ್ತಿರಬೇಕು. ಒಂದೇ ದಿನ ಎರಡು ತಪ್ಪು. ಅವತ್ತು ನೀವು ಒಳಗಿದ್ದಿದ್ರೆ ನಿಮ್ಮ ಕಣ್ಣೂ ಹೋಗ್ತಿತ್ತು. ನನ್ನಂಥವಳು ಲೇಸರ್ ಹತ್ರ ಇರಬಾರದು" ಎಂದಳು.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಪಿಎಚ್‌ಡಿ ಬಿಡುತ್ತೇನೆಂದು ಸರ್‌ಗೆ ಕಾಗದ ಬರೆದಳಂತೆ. ಅವರು ಅದನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದರು. "ನಿಮ್ಮ ಮಾತು ಕೇಳ್ತಾಳೆ ಹೇಮಲತಾ. ಒಂದ್ಸಲ ಹೋಗಿ ಬನ್ನಿ. ನನಗೆ ಆಗ್ತಿಲ್ಲ" ಎಂದರು.

ನವೆಂಬರಿನ ಒಂದು ಭಾನುವಾರ ಹಲಗೆಯ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಮೆಟ್ರೊ ಇಳಿದು ಘಾಟ್‌ಕೋಪರಿನಲ್ಲಿ ಎರಡು ಸ್ಲೋ ಲೋಕಲ್‌ಗಳನ್ನು ಬಿಟ್ಟೆ. ಗದ್ದಲವಿರಲಿಲ್ಲ, ಕಾಲು ಏಳಲಿಲ್ಲ, ಅಷ್ಟೆ. ಮೂರನೆಯದನ್ನು ಹತ್ತಿದೆ.

ಕಳವಾದ ಆ ಎರಡು ಕೋಣೆಯ ಮನೆಯಲ್ಲಿ ದತ್ತಾರಾಮ್ ಬಾಗಿಲು ತೆಗೆದರು. ಶಾಲ್ಮಲಿ ಕಿಟಕಿಯ ಪಕ್ಕ ಅವರೆಕಾಳು ಸುಲಿಯುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಅವಳ ನಗು ಮುಖದ ಒಂದೇ ಬದಿಗೆ ಇತ್ತು.

"ಬನ್ನಿ ಮಾವಶಿ. ಸರ್ ಕಳಿಸಿದ್ರಾ?"

ದತ್ತಾರಾಮ್ ನೀರು ತಂದುಕೊಟ್ಟು ಎದುರಿಗೆ ಕೂತರು. ಮಗಳು ಅಲ್ಲೇ ಇದ್ದಾಳೆ ಎಂಬುದನ್ನೂ ಗಮನಿಸದವರಂತೆ ಮಾತಾಡಿದರು.

"ಮೂವತ್ತೊಂದು ವರ್ಷ ಗಾಡಿ ಓಡಿಸಿದೆ ಬಾಯಿ. ಒಂದೇ ಒಂದು ಕೆಂಪು ದೀಪ ದಾಟಿಲ್ಲ. ಮಳೇಲಿ ಮುಂದಿಂದು ಕಾಣದೇ ಇದ್ದಾಗ ಗಾಡಿ ನಿಲ್ಲಿಸಿಬಿಡ್ತಿದ್ದೆ. ಜನ ಬಯ್ತಿದ್ರು, ಕಲ್ಲು ಎಸೀತಿದ್ರು. ಎಸೀಲಿ ಅಂತ ಕೂತಿರ್ತಿದ್ದೆ. ಅಂಥವನ ಮಗಳು ಇವಳು. ಕನ್ನಡಕ ತೆಗೀಬೇಡ ಅಂದ್ರೆ ತೆಗೀತಾಳೆ, ಫಿಲ್ಟರ್ ಹಾಕು ಅಂದ್ರೆ ಮರೀತಾಳೆ. ನಾನೇ ಏನೋ ಸರಿಯಾಗಿ ಕಲಿಸ್ಲಿಲ್ಲ."

ಶಾಲ್ಮಲಿ ತಲೆಯೆತ್ತಲಿಲ್ಲ. ಬೆರಳುಗಳು ಕಾಳು ಸುಲಿಯುತ್ತಲೇ ಇದ್ದವು. ಈ ಮಾತನ್ನು ಅವಳು ಎಷ್ಟು ಸಲ ಕೇಳಿರಬೇಕು ಎಂದು ಆ ಬೆರಳುಗಳನ್ನು ನೋಡಿದರೇ ತಿಳಿಯುತ್ತಿತ್ತು.

ಡಬ್ಬಿಯನ್ನು ನೆಲದ ಮೇಲಿಟ್ಟು ತೆರೆದೆ. ಹಲಗೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು, ಕಪ್ಪು, ಆಮೇಲೆ ಥಳಥಳಿಸುವ ತಾಮ್ರ, ಮತ್ತೆ ಎರಡು ಕಪ್ಪು, ಕೊನೆಯದು ಖಾಲಿ.

"ಶಾಲೂ, ಮೂರನೇದು ಕಪ್ಪಾಗಿರ್ಲಿಲ್ಲ. ನಾನು ಬದಲಾಯಿಸಿದ್ದೆ. ರಿಜಿಸ್ಟರಲ್ಲಿ ಬರೀಲಿಲ್ಲ. ನಿನಗೂ ಹೇಳ್ಲಿಲ್ಲ. ಅವರು ಕೇಳಿದಾಗ ಸುಳ್ಳು ಹೇಳಿದೆ. ನೀನು ಫಿಲ್ಟರ್ ಹಾಕಿದ್ದೆ ಮಗಾ. ನಿನ್ನ ಲೆಕ್ಕವೂ ಸರಿ, ನಿನ್ನ ನೆನಪೂ ಸರಿ."

ಅವಳು ಹಲಗೆಯನ್ನು ಕೈಗೆ ತೆಗೆದುಕೊಂಡಳು. ಒಳ್ಳೆಯ ಕಣ್ಣಿಗೆ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು. ತುಟಿ ಅಲುಗುತ್ತಿತ್ತು. ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನುಣುಪು ತಾಮ್ರ, ಬಹುಪಾಲು ಬೆಳಕು ವಾಪಸ್ಸು. ಈಗ ಕೂಡಿತು.

"ಎಷ್ಟು ದಿನ ಆಯ್ತು?" ಎಂದಳು.

"ಎಂಬತ್ತಾರು."

"ಎಂಬತ್ತಾರು ದಿನ." ಹಲಗೆಯನ್ನು ಡಬ್ಬಿಯಲ್ಲಿಟ್ಟಳು. "ಚೌಕ ಬದಲಾಯಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಬರೆಯೋದು ಮರೆತಿದ್ದಕ್ಕೂ ಇಲ್ಲ, ಯಾರಿಗೂ ಆಗುತ್ತೆ. ಕನ್ನಡಕ ತೆಗೆದಿದ್ದು ನಾನೇ, ಅದು ನನ್ನದೇ ತಪ್ಪು. ಆದ್ರೆ ಸರ್ ಕೋಣೇಲಿ ನಾನು ಫಿಲ್ಟರ್ ಹಾಕಿಲ್ಲ ಅಂತ ಹೇಳ್ತಿದ್ದಾಗ ನೀವು ಅಲ್ಲೇ ಇದ್ರಿ. ನನ್ನ ಪಕ್ಕದಲ್ಲೇ ನಿಂತಿದ್ರಿ. ನನಗೆ ಹುಚ್ಚು ಹಿಡೀತಿದೆ ಅಂತ ನಾನು ಅಂದ್ಕೊಂಡಿದ್ದೆ ಹೇಮಲತಾಬಾಯಿ."

ಹೇಮಲತಾಬಾಯಿ. ಅವಳು ಬೇಕೆಂದು ಹಾಗೆ ಕರೆಯಲಿಲ್ಲ. ತಾನಾಗಿ ಬಂತು.

ದತ್ತಾರಾಮ್ ಎದ್ದು ನಿಂತಿದ್ದರು. ನನ್ನ ಮೇಲೆ ಕೈಯೆತ್ತುತ್ತಾರೆ ಎಂದುಕೊಂಡೆ, ಎತ್ತಿದರೆ ಒಳ್ಳೆಯದಿತ್ತು ಎಂದೂ ಅನ್ನಿಸಿತು. ಅವರು ನನ್ನ ಕಡೆ ನೋಡಲೇ ಇಲ್ಲ. ಮಗಳ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಪೋರಿ, ಸಿಗ್ನಲ್ಲೇ ತಪ್ಪು ತೋರಿಸಿದ್ರೆ ಮೋಟರ್‌ಮನ್ ಏನು ಮಾಡ್ತಾನೆ? ನಿನಗೆ ಹಸಿರು ತೋರಿಸಿದ್ರು. ನಾನು ಮೂರು ತಿಂಗಳಿಂದ ನಿನಗೆ ಏನೇನೋ ಅಂದೆ. ಊಟಕ್ಕೆ ಕೂತಾಗೆಲ್ಲ ಅಂದೆ. ನಿನ್ನ ಆಯಿ ಇದ್ದಿದ್ರೆ ನನ್ನ ಬಾಯಿ ಹೊಲೀತಿದ್ಲು."

"ಬಿಡಿ ಬಾಬಾ."

"ಬಿಡೋದು ಹೆಂಗೆ?" ಎಂದು ಆ ಮುದುಕ ಮಗಳ ಮಂಡಿಯ ಮೇಲೆ ಹಣೆಯಿಟ್ಟು ಅತ್ತರು. ಮಡಿಲಲ್ಲಿದ್ದ ಅವರೆಕಾಳು ನೆಲಕ್ಕೆ ಚೆಲ್ಲಿತು. ಅವಳು ಅವರ ತಲೆಯ ಮೇಲೆ ಕೈಯಿಟ್ಟು, ಕಿಟಕಿಯಾಚೆ ನೋಡುತ್ತ ಕೂತಳು. ನಾನು ಎದ್ದೆ. ಬಾಗಿಲು ದಾಟುವಾಗ ದತ್ತಾರಾಮ್, "ಡಬ್ಬಿ ತಗೊಂಡು ಹೋಗಿ ಬಾಯಿ. ಈ ಮನೇಲಿ ಅದು ಬೇಡ" ಎಂದರು.

ಮರುದಿನ ನಿರ್ದೇಶಕರಿಗೆ ಬರೆದು ಕೊಟ್ಟೆ, ಡಬ್ಬಿಯನ್ನೂ ಒಪ್ಪಿಸಿದೆ. ಮತ್ತೆ ಆ ಮೂವರು ಬಂದರು. ವರದಿಯನ್ನು ತಿದ್ದಿದರು. ಕನ್ನಡಕ ತೆಗೆದದ್ದರ ಜೊತೆಗೆ ತಂತ್ರಜ್ಞೆಯ ಲೋಪ, ತಂತ್ರಜ್ಞೆಯ ಸುಳ್ಳು ಹೇಳಿಕೆ ಎಂದು ಎರಡು ಸಾಲು ಸೇರಿತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕೆಳಗಿನ ಅಂತಸ್ತಿನ ಉಗ್ರಾಣಕ್ಕೆ ಹಾಕಿದರು. ಗಾಜಿನ ಪಾತ್ರೆ, ಕೈಗವಸು, ಸ್ಪಿರಿಟ್ಟಿನ ಡಬ್ಬಿಗಳ ನಡುವೆ ಒಂದು ಮೇಜು. ಸಂಜಾಣಾ ಸರ್ ಮೆಟ್ಟಿಲ ಬಳಿ ಸಿಕ್ಕಾಗ, "ನೀವು ಅವತ್ತೇ ನನಗೆ ಹೇಳಿದ್ದಿದ್ರೆ ನಾನು ನಿಮ್ಮ ಜೊತೆ ನಿಲ್ತಿದ್ದೆ" ಎಂದಷ್ಟೇ ಹೇಳಿ ಹತ್ತಿಹೋದರು. ಅದು ನಿಜವೆಂದು ನನಗೆ ಗೊತ್ತಿತ್ತು.

ಡಿಸೆಂಬರಿನಲ್ಲಿ ಶಾಲ್ಮಲಿ ವಾಪಸ್ಸು ಬಂದಳು. ಲೇಸರ್ ಕೋಣೆಯೊಳಗೆ ಹೋಗಲು ಅವಳಿಗೆ ಅನುಮತಿಯಿರಲಿಲ್ಲ, ಹೊರಗಿನ ಕೋಣೆಯಲ್ಲಿ ಪರದೆಯ ಮುಂದೆ ಕೂತು ಪ್ರಯೋಗ ನಡೆಸಿದಳು. ನನ್ನ ಜಾಗಕ್ಕೆ ಬಂದ ಹುಡುಗಿಗೆ ತಂತಿ ಒಣಗಿಸುವುದು ಬರದೆ ನಾಲ್ಕು ಸಲ ಜಡೆಗಟ್ಟಿಸಿದಳು. ಐದನೆಯ ಸಲ ನನ್ನ ಹತ್ತಿರ ಬಂದು, "ಶಾಲ್ಮಲಿ ಮ್ಯಾಡಮ್ ನಿಮ್ಮನ್ನ ಕೇಳು ಅಂದ್ರು" ಎಂದಳು. ನೀರನ್ನು ತೆಗೆದು ಆಲ್ಕೊಹಾಲ್ ತುಂಬಬೇಕು, ಅದನ್ನು ತೆಗೆದು ಒತ್ತಡದಲ್ಲಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಬೇಕು, ಅವಸರ ಮಾಡಬಾರದು. ಹೇಳಿಕೊಟ್ಟೆ. ಕಲಿತಳು.

ಮಾರ್ಚಿನಲ್ಲಿ ಸರ್ ಕಾಯುತ್ತಿದ್ದ ಆ ಗೆರೆ ಬಂತು. ಲೇಸರಿನ ಮುಖ್ಯ ಹೊಡೆತಕ್ಕೆ ಮುಂಚೆ ಸೋರಿಬರುವ ಚೂರುಪಾರು ಬೆಳಕು ತಂತಿಗಳನ್ನು ಮೊದಲೇ ಕರಗಿಸಿಬಿಡುತ್ತಿತ್ತು. ಅದನ್ನು ಸೋಸಿ ತೆಗೆಯುವ ಉಪಾಯವನ್ನು ಶಾಲ್ಮಲಿ ಮನೆಯಲ್ಲಿ ಸುಮ್ಮನೆ ಕೂತ ದಿನಗಳಲ್ಲಿ ಯೋಚಿಸಿದ್ದಳಂತೆ. ತಾಮ್ರದ ಪರಮಾಣುಗಳ ಮೈಮೇಲಿನ ಎಲೆಕ್ಟ್ರಾನುಗಳ ಬಟ್ಟೆಯೆಲ್ಲ ಕಳಚಿ ಬಿತ್ತು. ಸಂಜಾಣಾ ಸರ್ ಕಾರಿಡಾರಿನಲ್ಲಿ ಎಲ್ಲರಿಗೂ ಮಾವಾ ಕೇಕ್ ಹಂಚಿದರು. ನನಗೂ ಒಂದು ತುಂಡು ಯಾರೋ ತಂದುಕೊಟ್ಟರು. ಕೈಯಲ್ಲಿ ಹಿಡಿದು ಮೇಲಿನ ಅಂತಸ್ತಿನ ಗದ್ದಲ ಕೇಳುತ್ತ ಕೂತೆ. ಮೇಲೆ ಹೋಗುವ ಧೈರ್ಯ ಬರಲಿಲ್ಲ. ಗದ್ದಲದಲ್ಲಿ ಅವಳ ದನಿ ಹುಡುಕಿದೆ, ಸಿಗಲಿಲ್ಲ. ಎಲ್ಲರೂ ಹೊರಗೆ ನಗುತ್ತಿದ್ದಾಗ ಅವಳು ಲೇಸರ್ ಕೋಣೆಯ ಮುಚ್ಚಿದ ಬಾಗಿಲಿನ ಮುಂದೆ ಒಬ್ಬಳೇ ನಿಂತಿದ್ದಳು ಎಂದು ಆ ಹೊಸ ಹುಡುಗಿ ಆಮೇಲೆ ಹೇಳಿದಳು.

ಮುಂದಿನ ವರ್ಷ ಅವಳ ಪಿಎಚ್‌ಡಿ ಮುಗಿಯಿತು. ಕೊನೆಯ ದಿನ, ಸಾಮಾನು ಒಪ್ಪಿಸಿದ ಚೀಟಿಗೆ ಸಹಿ ಬೇಕೆಂದು ಉಗ್ರಾಣಕ್ಕೆ ಬಂದಳು. ಬಾಗಿಲಿನ ಹೊಸ್ತಿಲನ್ನು ನೋಡಿಕೊಂಡು ದಾಟಿದಳು. ನಾನು ಸಹಿ ಹಾಕಿದೆ.

"ಎಲ್ಲಿಗೆ ಹೋಗ್ತೀಯ?"

"ರತ್ನಾಗಿರಿಗೆ. ಕಾಲೇಜಲ್ಲಿ ಪಾಠ ಮಾಡೋ ಕೆಲಸ. ಬಾಬಾನೂ ಬರ್ತಾರೆ, ಅವರ ಊರು ಹತ್ರ."

"ಅಲ್ಲಿ ಲೇಸರ್?"

"ಇಲ್ಲ." ಚೀಟಿಯನ್ನು ಮಡಚಿದಳು. "ಬಾಗಿಲ ಹತ್ರ ಹೋದ್ರೆ ಸಾಕು, ಆ ಟಪ್ ಅನ್ನೋ ಸದ್ದು ಕೇಳುತ್ತೆ. ಇನ್ನು ಸಾಕು."

ನಾನು ಮೂರು ಸಲ ಕಾಗದ ಬರೆದು ಕ್ಷಮೆ ಕೇಳಿದ್ದೆ. ನಾಲ್ಕನೆಯ ಸಲ ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಬೇಡ. ನಿಮ್ಮನ್ನ ಕ್ಷಮಿಸಬೇಕು ಅಂತ ಬಾಬಾ ಹೇಳ್ತಾನೇ ಇರ್ತಾರೆ. ಆಯ್ತು ಅಂತ ಈಗ ನಿಮ್ಮೆದುರು ಅಂದುಬಿಡಬಹುದು, ಆದ್ರೆ ಸುಳ್ಳಾಗುತ್ತೆ. ನನಗೆ ಇನ್ನೂ ಆಗಿಲ್ಲ. ಆದಾಗ ಫೋನ್ ಮಾಡ್ತೀನಿ."

"ಆಗಲಿ ಮಗಾ."

ಅವಳು ಹೋದಳು. ಕಿಟಕಿಯಿಂದ ನೋಡಿದೆ. ಗೇಟಿನ ಹತ್ತಿರ ಒಂದು ಕ್ಷಣ ನಿಂತು, ರಸ್ತೆಯನ್ನು ಎರಡೆರಡು ಸಲ ನೋಡಿ ದಾಟಿದಳು.

ಇದಾಗಿ ನಾಲ್ಕು ವರ್ಷವಾಯಿತು. ಸಂಜಾಣಾ ಸರ್ ನಿವೃತ್ತರಾದರು. ನಾನು ಮುಂದಿನ ಜೂನಿಗೆ ನಿವೃತ್ತಳಾಗುತ್ತೇನೆ. ಅವಳು ರತ್ನಾಗಿರಿಯಲ್ಲಿ ಚೆನ್ನಾಗಿ ಪಾಠ ಮಾಡುತ್ತಾಳಂತೆ, ಮಕ್ಕಳಿಗೆ ಬಲು ಇಷ್ಟವಂತೆ. ನನ್ನ ಫೋನಿನ ನಂಬರ್ ಬದಲಾಯಿಸಬೇಕಾದ ಸ್ಥಿತಿ ಎರಡು ಸಲ ಬಂತು. ಅಣ್ಣ ಬೈದ. ನಾನು ಬದಲಾಯಿಸಲಿಲ್ಲ.